ಲ್ಯಾಪ್‌ಟಾಪ್ ಬ್ಯಾಟರಿ ಹೆಚ್ಚು ಕಾಲ ಬಾಳಬೇಕೆ? ಚಾರ್ಜಿಂಗ್, ಸ್ಲೀಪ್, ಶಟ್‌ಡೌನ್ ಕುರಿತು ಹಂತ ಹಂತದ ಮಾರ್ಗದರ್ಶಿ

ಲ್ಯಾಪ್‌ಟಾಪ್ ಬಳಸುವವರನ್ನು ಕಾಡುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಚಾರ್ಜರನ್ನು ಸದಾ ಸಿಕ್ಕಿಸಿಟ್ಟರೆ ಬ್ಯಾಟರಿ ಹಾಳಾಗುತ್ತದೆಯೇ? ರಾತ್ರಿ ಸ್ಲೀಪ್‌ನಲ್ಲಿ ಬಿಡಬಹುದೇ, ಇಲ್ಲ ಶಟ್‌ಡೌನ್ ಮಾಡಲೇಬೇಕೇ? ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್‌ಗೆ ಹಾಕಬೇಕೇ? ಮೂರಕ್ಕೂ ಹಲವು ವರ್ಷಗಳಿಂದ ಬಾಯಿಂದ ಬಾಯಿಗೆ ಬಂದ ಸಿದ್ಧ ಉತ್ತರಗಳಿವೆ. ಅವುಗಳಲ್ಲಿ ಹಲವು ಈಗಿನ ಬ್ಯಾಟರಿಗಳಿಗೆ ಅನ್ವಯಿಸುವುದೇ ಇಲ್ಲ. ಎಷ್ಟು ಸಲ ಚಾರ್ಜ್ ಮಾಡಿದಿರಿ ಎಂಬ ಲೆಕ್ಕಕ್ಕೆ ಜನ ಕೊಡುವಷ್ಟು ಮಹತ್ವ ಬೇಕಿಲ್ಲ. ದಿನದ ಬಹುಪಾಲು ಹೊತ್ತು ಬ್ಯಾಟರಿ ಎಷ್ಟು ತುಂಬಿದೆ, ಎಷ್ಟು ಬಿಸಿಯಾಗಿದೆ ಎನ್ನುವ ಎರಡು ಸಂಗತಿಗಳೇ ಅದರ ಆಯಸ್ಸನ್ನು ಹೆಚ್ಚಾಗಿ ತೀರ್ಮಾನಿಸುತ್ತವೆ. ಮುಂದೆ ಹೇಳುವ ಹಂತಗಳೆಲ್ಲ ಈ ಎರಡನ್ನು ಹತೋಟಿಗೆ ತರುವ ದಾರಿಗಳು. ಹೆಚ್ಚಿನವನ್ನು ಒಮ್ಮೆ ಮಾಡಿದರೆ ಸಾಕು, ದಿನವೂ ನೆನಪಿಟ್ಟುಕೊಳ್ಳಬೇಕಾದ್ದು ಕಡಿಮೆ.

ಮೊದಲು ಬ್ಯಾಟರಿಯ ಈಗಿನ ಸ್ಥಿತಿ ನೋಡಿ

ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾ ಅಂಕಿಯಿಂದ ಬ್ಯಾಟರಿಯ ಆರೋಗ್ಯ ತಿಳಿಯುವುದಿಲ್ಲ. ಆ 100 ಎಂದರೆ ಬ್ಯಾಟರಿ ಇವತ್ತು ಹಿಡಿಯಬಲ್ಲಷ್ಟನ್ನು ಹಿಡಿದಿದೆ ಎಂದಷ್ಟೇ ಅರ್ಥ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬುದನ್ನು ಬೇರೆಯಾಗಿ ನೋಡಬೇಕು.

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿ, ತೆರೆಯಿರಿ. ಪಿ, ಓ, ಡಬ್ಲ್ಯೂ, ಇ, ಆರ್, ಸಿ, ಎಫ್, ಜಿ ಅಕ್ಷರಗಳನ್ನು ಒಟ್ಟಿಗೆ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ತಾಗಿದಂತೆಯೇ ಬ್ಯಾಟರಿ ಮತ್ತು ರಿಪೋರ್ಟ್ ಎಂಬೆರಡು ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಬರೆದು ಎಂಟರ್ ಒತ್ತಿ. ವರದಿಯ ಕಡತ ಯಾವ ಫೋಲ್ಡರ್‌ನಲ್ಲಿ ಉಳಿಯಿತು ಎಂಬುದನ್ನು ಅಲ್ಲೇ ತೋರಿಸುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದರೆ ಮೇಲ್ಭಾಗದಲ್ಲೇ ಎರಡು ಸಂಖ್ಯೆಗಳು ಸಿಗುತ್ತವೆ: ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ. ಮೊದಲನೆಯದು 50,000 ಮಿಲಿವ್ಯಾಟ್ ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ), ಎರಡನೆಯದು 41,000 ಎಂದಿದ್ದರೆ ನಿಮ್ಮ ಬ್ಯಾಟರಿಯಲ್ಲಿ ಮೂಲ ಸಾಮರ್ಥ್ಯದ ಶೇ. 82 ಉಳಿದಿದೆ ಎಂದು ಲೆಕ್ಕ. ಕೆಳಗೆ ಸ್ಕ್ರೋಲ್ ಮಾಡಿದರೆ ಈ ಎರಡನೆಯ ಸಂಖ್ಯೆ ವಾರದಿಂದ ವಾರಕ್ಕೆ ಹೇಗೆ ಬದಲಾಗಿದೆ ಎಂಬ ಇತಿಹಾಸವೂ ಇದೆ. ಒಂದೆರಡು ವಾರದಲ್ಲಿ ಅದು ಸ್ವಲ್ಪ ಮೇಲೆ ಕೆಳಗೆ ಆಡಿದ್ದರೆ ಗಾಬರಿ ಬೇಡ, ಅದು ಅಳತೆಯ ಏರುಪೇರು. ಹಲವು ತಿಂಗಳ ಇಳಿಜಾರನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ಮ್ಯಾಕ್‌ಬುಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್ ಒಳಗಿನ ಬ್ಯಾಟರಿ ವಿಭಾಗದಲ್ಲಿ ಬ್ಯಾಟರಿ ಹೆಲ್ತ್ ಇದೆ. ಚಾರ್ಜ್ ಆವರ್ತಗಳ (ಇವುಗಳ ಅರ್ಥ ಮುಂದೆ ಬರುತ್ತದೆ) ಸಂಖ್ಯೆ ಸಿಸ್ಟಂ ರಿಪೋರ್ಟ್‌ನ ಪವರ್ ಪುಟದಲ್ಲಿ ಸಿಗುತ್ತದೆ. ಲಿನಕ್ಸ್‌ನ ಎರಡು ಡೆಸ್ಕ್‌ಟಾಪ್ ಬಗೆಗಳಲ್ಲಿ ಗ್ನೋಮ್ ಬಳಸುವವರು ಪವರ್ ಸ್ಟ್ಯಾಟಿಸ್ಟಿಕ್ಸ್, ಕೆಡಿಇ ಬಳಸುವವರು ಇನ್ಫೋ ಸೆಂಟರ್ ತೆರೆದರೆ ಇದೇ ಎರಡು ಅಂಕಿಗಳನ್ನು ನೋಡಬಹುದು.

ಅಂಕಿಗಳನ್ನು ದಿನಾಂಕದೊಂದಿಗೆ ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಿಮ್ಮ ಅಭ್ಯಾಸ ಬದಲಿಸಿದ್ದರಿಂದ ಪ್ರಯೋಜನವಾಯಿತೇ ಎಂದು ಆರು ತಿಂಗಳ ಬಳಿಕ ತಿಳಿಯಲು ಬೇರೆ ದಾರಿಯಿಲ್ಲ.

ಒಳಗೆ ಏನು ಸವೆಯುತ್ತದೆ

ಇಷ್ಟನ್ನು ತಿಳಿದರೆ ಮುಂದಿನ ಸಲಹೆಗಳನ್ನು ಕಂಠಪಾಠ ಮಾಡಬೇಕಾಗುವುದಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದಕ್ಕೆ ಅಡಿಪಾಯ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೋ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಲೋಹದ ಆಕ್ಸೈಡ್ ಇರುವ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯ ಗ್ರಾಫೈಟ್ ಪದರಗಳ ನಡುವೆ ಸೇರುತ್ತವೆ. ಬಳಸುವಾಗ ಮರಳುತ್ತವೆ.

ಗ್ರಾಫೈಟ್‌ನ ಮೈಮೇಲೆ ಮೊದಲ ಚಾರ್ಜ್‌ನಲ್ಲೇ ಒಂದು ತೆಳುಪೊರೆ ಬೆಳೆಯುತ್ತದೆ. ಅದು ಬೇಕಾದದ್ದೇ, ಅದಿಲ್ಲದೆ ಬ್ಯಾಟರಿ ಕೆಲಸ ಮಾಡದು. ಆದರೆ ಆ ಪೊರೆ ಅಲ್ಲಿಗೇ ನಿಲ್ಲದೆ ವರ್ಷಗಟ್ಟಲೆ ನಿಧಾನವಾಗಿ ದಪ್ಪವಾಗುತ್ತ ಹೋಗುತ್ತದೆ. ಬೆಳೆಯುವಾಗ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ ಲಿಥಿಯಂ ಮತ್ತೆ ಓಡಾಟಕ್ಕೆ ಸಿಗುವುದಿಲ್ಲ. ವರದಿಯಲ್ಲಿ ಕಂಡ 50,000 ಮತ್ತು 41,000ದ ನಡುವಿನ ಅಂತರದ ದೊಡ್ಡ ಪಾಲು ಇದೇ.

ಈ ಪೊರೆ ಬೇಗ ಬೆಳೆಯುವುದು ಎರಡು ಸಂದರ್ಭಗಳಲ್ಲಿ. ಬ್ಯಾಟರಿ ಬಿಸಿಯಾಗಿದ್ದಾಗ ಮತ್ತು ತುಂಬಿಕೊಂಡಿದ್ದಾಗ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2 ವೋಲ್ಟ್ ಮುಟ್ಟುತ್ತದೆ. ಈ ತುದಿಯಲ್ಲಿ ಒಳಗಿನ ದ್ರಾವಣ ಮತ್ತು ಲೋಹದ ಆಕ್ಸೈಡ್ ನಡುವೆ ಬೇಡದ ರಾಸಾಯನಿಕ ಕ್ರಿಯೆಗಳೂ ಹೆಚ್ಚುತ್ತವೆ. ಲ್ಯಾಪ್‌ಟಾಪ್ ಬಳಸದೆ ಸುಮ್ಮನೆ ಇಟ್ಟಿದ್ದರೂ ಈ ಸವೆತ ನಡೆಯುತ್ತಲೇ ಇರುತ್ತದೆ.

ಬ್ಯಾಟರಿ ಯೂನಿವರ್ಸಿಟಿ ಎಂಬ ಮಾಹಿತಿ ಜಾಲತಾಣದ ಒಂದು ಪಟ್ಟಿ ಈ ಕ್ಷೇತ್ರದಲ್ಲಿ ತುಂಬ ಉಲ್ಲೇಖಗೊಳ್ಳುತ್ತದೆ. ಅದರ ಪ್ರಕಾರ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 40 ಚಾರ್ಜ್‌ನೊಂದಿಗೆ ಒಂದು ವರ್ಷ ಇಟ್ಟ ಲಿಥಿಯಂ ಬ್ಯಾಟರಿಯಲ್ಲಿ ಶೇ. 96 ಸಾಮರ್ಥ್ಯ ಉಳಿಯುತ್ತದೆ. ಅದೇ ತಾಪದಲ್ಲಿ ಶೇ. 100 ತುಂಬಿಸಿ ಇಟ್ಟರೆ 80. ತಾಪ 40 ಡಿಗ್ರಿಗೆ ಏರಿದರೆ ಕ್ರಮವಾಗಿ 85 ಮತ್ತು 65. ಎಲ್ಲ ಬ್ಯಾಟರಿಗಳಲ್ಲೂ ಅಂಕಿಗಳು ಹೀಗೇ ಬರುವುದಿಲ್ಲ, ಆದರೆ ಅವು ತೋರಿಸುವ ದಿಕ್ಕಿನಲ್ಲಿ ಅನುಮಾನವಿಲ್ಲ. ತುಂಬಿದ ಬ್ಯಾಟರಿ ಬಿಸಿ ಜಾಗದಲ್ಲಿ ಕುಳಿತಿರುವುದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ.

ಆವರ್ತಗಳ ಸವೆತವೂ ಇದೆ. ಒಂದು ಆವರ್ತ ಎಂದರೆ ಒಂದು ಸಲ ಚಾರ್ಜರ್ ಸಿಕ್ಕಿಸುವುದಲ್ಲ, ಒಟ್ಟು ಶೇ. 100ರಷ್ಟು ಬಳಕೆ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು ಆವರ್ತ. ಆದ್ದರಿಂದ ಮಧ್ಯೆ ಮಧ್ಯೆ ಚಾರ್ಜ್‌ಗೆ ಹಾಕಿದರೆ ಆವರ್ತಗಳು ವ್ಯರ್ಥವಾಗುತ್ತವೆ ಎಂಬ ಭಯಕ್ಕೆ ಆಧಾರವಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಸಾಮಾನ್ಯವಾಗಿ 300ರಿಂದ 1,000 ಆವರ್ತಗಳ ಲೆಕ್ಕದಲ್ಲಿ ರೂಪಿಸಿರುತ್ತಾರೆ. ಈಚಿನ ಮ್ಯಾಕ್‌ಬುಕ್‌ಗಳಿಗೆ ಆ್ಯಪಲ್ ಕೊಡುವ ಅಂಕಿ 1,000.

ಚಾರ್ಜ್‌ಗೆ ಮಿತಿ ಹಾಕಿ

ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನು ಮಾಡಿ. ಲ್ಯಾಪ್‌ಟಾಪನ್ನು ಹೆಚ್ಚು ಹೊತ್ತು ಮೇಜಿನ ಮೇಲೆ ಚಾರ್ಜರ್ ಸಿಕ್ಕಿಸಿಯೇ ಬಳಸುವವರಿಗಂತೂ ಇದು ಕಡ್ಡಾಯ ಎನ್ನುತ್ತೇನೆ.

ಬ್ಯಾಟರಿ ತುಂಬಿದ ಮೇಲೂ ಚಾರ್ಜರ್ ಅದಕ್ಕೆ ವಿದ್ಯುತ್ ನುಗ್ಗಿಸುತ್ತಲೇ ಇರುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ತುಂಬಿದೊಡನೆ ಒಳಗಿನ ನಿಯಂತ್ರಣ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ, ಯಂತ್ರ ನೇರವಾಗಿ ಚಾರ್ಜರ್‌ನಿಂದ ನಡೆಯುತ್ತದೆ. ತೊಂದರೆ ಇರುವುದು ಬೇರೆ ಕಡೆ: ಬ್ಯಾಟರಿ 4.2 ವೋಲ್ಟ್‌ನ ತುದಿಯಲ್ಲಿ, ಪಕ್ಕದ ಪ್ರೊಸೆಸರ್‌ನ ಬಿಸಿ ಹೀರುತ್ತ, ತಿಂಗಳುಗಟ್ಟಲೆ ನಿಂತೇ ಇರುತ್ತದೆ. ಶೇ. 80ಕ್ಕೆ ನಿಲ್ಲಿಸಿದರೆ ಸೆಲ್‌ನ ವೋಲ್ಟೇಜ್ ಸುಮಾರು 4 ವೋಲ್ಟ್ ಆಸುಪಾಸಿನಲ್ಲಿ ಉಳಿಯುತ್ತದೆ. ನೋಡಲು ಸಣ್ಣ ವ್ಯತ್ಯಾಸ, ಆಯಸ್ಸಿನ ಮೇಲೆ ಪರಿಣಾಮ ದೊಡ್ಡದು.

ಮಿತಿ ಹಾಕುವ ಸೌಲಭ್ಯ ಬೇರೆ ಬೇರೆ ತಯಾರಕರಲ್ಲಿ ಬೇರೆ ಬೇರೆ ಹೆಸರಿನಲ್ಲಿದೆ. ಲೆನೊವೊದಲ್ಲಿ ವ್ಯಾಂಟೇಜ್ ತಂತ್ರಾಂಶದೊಳಗೆ ಕನ್ಸರ್ವೇಶನ್ ಮೋಡ್ ಇದೆ, ಥಿಂಕ್‌ಪ್ಯಾಡ್‌ಗಳಲ್ಲಾದರೆ ಯಾವ ಶೇಕಡಾಕ್ಕೆ ಆರಂಭಿಸಿ ಎಲ್ಲಿಗೆ ನಿಲ್ಲಿಸಬೇಕು ಎಂದು ನಾವೇ ಅಂಕಿ ಕೊಡಬಹುದು. ಏಸಸ್‌ನಲ್ಲಿ ಮೈಏಸಸ್, ಏಸರ್‌ನಲ್ಲಿ ಕೇರ್ ಸೆಂಟರ್ ಒಳಗೆ ಹುಡುಕಿ. ಡೆಲ್‌ನಲ್ಲಿ ಬಯೋಸ್‌ನಲ್ಲಿಯೂ (ಯಂತ್ರ ಆನ್ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ಅವರ ಪವರ್ ತಂತ್ರಾಂಶದಲ್ಲಿಯೂ ಪ್ರೈಮರಿಲಿ ಎಸಿ ಯೂಸ್ ಎಂಬ ಆಯ್ಕೆ ಸಿಗುತ್ತದೆ. ಎಚ್‌ಪಿಯ ಹಲವು ಮಾದರಿಗಳಲ್ಲಿ ಬಯೋಸ್‌ನ ಬ್ಯಾಟರಿ ಹೆಲ್ತ್ ಮ್ಯಾನೇಜರ್ ಈ ಕೆಲಸ ಮಾಡುತ್ತದೆ. ಮ್ಯಾಕ್‌ನ ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್ ನಿಮ್ಮ ದಿನಚರಿಯನ್ನು ಕಲಿತು ಶೇ. 80ರಿಂದ ಮೇಲಿನದ್ದನ್ನು ಬೇಕಾದ ಹೊತ್ತಿನವರೆಗೆ ತಡೆಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಗ್ನೋಮ್ 48ರಿಂದೀಚೆಗೆ ಸೆಟ್ಟಿಂಗ್ಸ್‌ನಲ್ಲೇ ಬ್ಯಾಟರಿ ಆರೋಗ್ಯ ಕಾಪಾಡುವ ಆಯ್ಕೆ ಬಂದಿದೆ. ಕೆಡಿಇಯಲ್ಲಿ ಅದಕ್ಕೂ ಮೊದಲಿನಿಂದ ಇದೆ. ಎರಡಕ್ಕೂ ಯಂತ್ರಾಂಶದ ಬೆಂಬಲ ಬೇಕು.

ಎಷ್ಟಕ್ಕೆ ಮಿತಿ ಹಾಕಬೇಕು? ಸದಾ ಚಾರ್ಜರ್ ಜೊತೆಗೇ ಇರುವ ಯಂತ್ರವಾದರೆ 60 ಸಾಕು, ಆ ಆಯ್ಕೆ ಇದ್ದರೆ ಹಿಂಜರಿಯಬೇಡಿ. ಆಗಾಗ ಹೊರಗೆ ಒಯ್ಯುವುದಾದರೆ 80. ಇಡೀ ದಿನ ಚಾರ್ಜರ್ ಸಿಗದ ಕಡೆ ಹೋಗಬೇಕಾದ ದಿನ ಮಿತಿ ತೆಗೆದು 100ಕ್ಕೆ ತುಂಬಿಸಿಕೊಳ್ಳಿ. ಹೊರಡುವ ಹೊತ್ತಿಗೆ ಸರಿಯಾಗಿ ತುಂಬುವಂತೆ ನೋಡಿಕೊಂಡರೆ ಅದರಿಂದ ಏನೂ ಕೆಡುವುದಿಲ್ಲ. ಬ್ಯಾಟರಿ ಇರುವುದು ಬಳಸುವುದಕ್ಕೆ. ತುಂಬಿಸಿ ತಕ್ಷಣ ಬಳಸುವುದು ಬೇರೆ, ತುಂಬಿಸಿ ವಾರಗಟ್ಟಲೆ ಇಡುವುದು ಬೇರೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈ ಸೌಲಭ್ಯವೇ ಇಲ್ಲವೆಂದರೆ ಕೈಯಾರೆ ಮಾಡಬಹುದು: 80ರ ಹತ್ತಿರ ಬಂದಾಗ ಚಾರ್ಜರ್ ತೆಗೆಯಿರಿ, 30ಕ್ಕೆ ಇಳಿದಾಗ ಮತ್ತೆ ಸಿಕ್ಕಿಸಿ. ಆದರೆ ಇದೇ ಒಂದು ಚಿಂತೆಯಾಗಿ ಕೆಲಸದ ನಡುವೆ ಮತ್ತೆ ಮತ್ತೆ ಅಂಕಿ ನೋಡುವಂತಾದರೆ ಬಿಟ್ಟುಬಿಡಿ. ಅಂಥ ಸಂದರ್ಭದಲ್ಲಿ ತಾಪದ ಕಡೆಗೆ ಗಮನ ಕೊಡುವುದೇ ಹೆಚ್ಚು ಫಲ ಕೊಡುತ್ತದೆ.

ಬಿಸಿಯನ್ನು ಇಳಿಸಿ

ಹಾಸಿಗೆ, ದಿಂಬು, ಹೊದಿಕೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದರೆ ಅಡಿಭಾಗದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿಯಾದ ಸಮತಟ್ಟು ಜಾಗದಲ್ಲಿಡಿ. ಹಿಂಬದಿಯನ್ನು ಒಂದೆರಡು ಬೆರಳು ಎತ್ತರಿಸಿದರೂ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಫ್ಯಾನ್‌ನಲ್ಲಿ ಧೂಳು ಕೂತಿದ್ದರೆ ತೆಗೆಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಎಂದೂ ಬಿಟ್ಟು ಹೋಗಬೇಡಿ. ಆ್ಯಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಲು ಹೇಳುತ್ತದೆ, ಬೇರೆಯವರ ಸೂಚನೆಗಳೂ ಹೆಚ್ಚು ದೂರವಿಲ್ಲ.

ಚಳಿಯ ಕುರಿತು ಒಂದು ಎಚ್ಚರಿಕೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ತಾಪದಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟ್‌ನೊಳಗೆ ಹೋಗಲಾರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಇದು ಸರಿಪಡಿಸಲಾಗದ ಹಾನಿ. ಹಿಮದಲ್ಲಿ ಹೊತ್ತು ತಂದ ಯಂತ್ರ ಕೋಣೆಯ ತಾಪಕ್ಕೆ ಬಂದ ಮೇಲೆಯೇ ಚಾರ್ಜರ್ ಸಿಕ್ಕಿಸಿ.

ಚಾರ್ಜರ್‌ನ ಶಕ್ತಿಯೂ ಇಲ್ಲಿ ಸೇರುತ್ತದೆ. ಯುಎಸ್‌ಬಿ-ಸಿ ಬಂದ ಮೇಲೆ ಯಾವ ಚಾರ್ಜರನ್ನೂ ಯಾವುದಕ್ಕೂ ಸಿಕ್ಕಿಸುವ ರೂಢಿಯಾಗಿದೆ. 65 ವ್ಯಾಟ್ ಬೇಡುವ ಯಂತ್ರಕ್ಕೆ 30 ವ್ಯಾಟ್‌ನ ಮೊಬೈಲ್ ಚಾರ್ಜರ್ ಹಾಕಿದರೆ, ಭಾರದ ಕೆಲಸ ಬಂದಾಗ ಕೊರತೆಯನ್ನು ಬ್ಯಾಟರಿ ತುಂಬಿಕೊಡಬೇಕಾಗುತ್ತದೆ. ಚಾರ್ಜರ್ ಸಿಕ್ಕಿಸಿಟ್ಟಿದ್ದರೂ ಆವರ್ತಗಳು ಏರುತ್ತ ಹೋಗುತ್ತವೆ. ಹೆಚ್ಚು ವ್ಯಾಟ್‌ನ ಒಳ್ಳೆಯ ಚಾರ್ಜರ್‌ನಿಂದ ಭಯವಿಲ್ಲ, ಎಷ್ಟು ಬೇಕೋ ಅಷ್ಟನ್ನು ಯಂತ್ರವೇ ಕೇಳಿ ಪಡೆಯುತ್ತದೆ. ವೇಗದ ಚಾರ್ಜಿಂಗ್ ಅನ್ನು ಆಫ್ ಮಾಡುವ ಆಯ್ಕೆ ಇದ್ದು, ನಿಮಗೆ ಆತುರವಿಲ್ಲದಿದ್ದರೆ ಆಫ್ ಮಾಡಿಡಿ. ನಿಧಾನವಾಗಿ ತುಂಬುವ ಬ್ಯಾಟರಿ ತಣ್ಣಗಿರುತ್ತದೆ.

ಮುಚ್ಚಳ ಮುಚ್ಚಿದಾಗ ಏನಾಗುತ್ತದೆ ಎಂದು ತಿಳಿದುಕೊಳ್ಳಿ

ಸ್ಲೀಪ್ ವಿಷಯದಲ್ಲಿ ಗೊಂದಲ ಇಷ್ಟು ಬೆಳೆದಿರುವುದಕ್ಕೆ ಕಾರಣವಿದೆ. ಸ್ಲೀಪ್ ಎಂಬ ಒಂದೇ ಹೆಸರಿನಡಿ ಈಗ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ.

ಹಳೆಯದು ಎಸ್3. ಇದರಲ್ಲಿ ಪ್ರೊಸೆಸರ್, ಪರದೆ, ಡಿಸ್ಕ್ ಎಲ್ಲವೂ ನಿಂತು, ತೆರೆದ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ್‍ಯಾಮ್‌ಗೆ ಮಾತ್ರ ಸ್ವಲ್ಪ ವಿದ್ಯುತ್ ಹೋಗುತ್ತದೆ. ಹೊಸದು ಮಾಡರ್ನ್ ಸ್ಟ್ಯಾಂಡ್‌ಬೈ. ವಿಂಡೋಸ್ ಇದನ್ನು ಎಸ್0 ಲೋ ಪವರ್ ಐಡಲ್ ಎಂದು ಗುರುತಿಸುತ್ತದೆ. ಇದರಲ್ಲಿ ಯಂತ್ರ ಮೊಬೈಲ್‌ನಂತೆ ಅರೆನಿದ್ದೆಯಲ್ಲಿರುತ್ತದೆ, ಮಧ್ಯೆ ಎಚ್ಚೆತ್ತು ಮೇಲ್ ತರಿಸಿಕೊಳ್ಳುತ್ತದೆ, ಅಪ್‌ಡೇಟ್ ನೋಡುತ್ತದೆ, ಮತ್ತೆ ಮಲಗುತ್ತದೆ. ಎಲ್ಲ ಸರಿಯಿದ್ದರೆ ಇದೂ ಕಡಿಮೆ ವಿದ್ಯುತ್ ಬಳಸುತ್ತದೆ. ಆದರೆ ಯಾವುದೋ ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಅಥವಾ ತಂತ್ರಾಂಶ ಅದನ್ನು ಮಲಗಲು ಬಿಡದಿದ್ದರೆ ಮುಚ್ಚಿದ ಮುಚ್ಚಳದಡಿ ಯಂತ್ರ ಕೆಲಸ ಮಾಡುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. 50 ವ್ಯಾಟ್ ಅವರ್ ಬ್ಯಾಟರಿಯ ಯಂತ್ರ ಸ್ಲೀಪ್‌ನಲ್ಲಿ ಅರ್ಧ ವ್ಯಾಟ್ ಬಳಸಿದರೆ ಎಂಟು ಗಂಟೆಯ ರಾತ್ರಿಯಲ್ಲಿ 4 ವ್ಯಾಟ್ ಅವರ್ ಹೋಗುತ್ತದೆ, ಅಂದರೆ ಶೇ. 8. ಅದೇ ಯಂತ್ರ ಸರಿಯಾಗಿ ಮಲಗದೆ 5 ವ್ಯಾಟ್ ಎಳೆಯುತ್ತಿದ್ದರೆ 40 ವ್ಯಾಟ್ ಅವರ್ ಖರ್ಚಾಗಿ ಬೆಳಗಿನ ಹೊತ್ತಿಗೆ ಬ್ಯಾಟರಿ ಬಹುತೇಕ ಖಾಲಿ. ಎಲ್ಲಕ್ಕಿಂತ ಕೆಟ್ಟದ್ದು ಇದು ಚೀಲದೊಳಗೆ ನಡೆದಾಗ. ಗಾಳಿಯಾಡದ ಚೀಲದಲ್ಲಿ ಫ್ಯಾನ್ ತಿರುಗಿ ಪ್ರಯೋಜನವಿಲ್ಲ. ಹೊರತೆಗೆಯುವಾಗ ಅಡಿಭಾಗ ಮುಟ್ಟಿದರೆ ಕೈ ಹಿಂದಕ್ಕೆ ಸೆಳೆಯುವಷ್ಟು ಬಿಸಿ, ಫ್ಯಾನಿನ ಸದ್ದು, ಶೇ. 90 ಇದ್ದ ಚಾರ್ಜ್ 40ಕ್ಕೆ ಇಳಿದಿರುವುದು: ಈ ಮೂರು ಒಟ್ಟಿಗೆ ಕಂಡರೆ ಕಾರಣ ಇದೇ. ಇಂಥ ಒಂದು ಪ್ರಯಾಣ ಬ್ಯಾಟರಿಗೆ ಕೊಡುವ ಪೆಟ್ಟು ಹತ್ತಾರು ಸಾಮಾನ್ಯ ದಿನಗಳ ಬಳಕೆಗಿಂತ ಹೆಚ್ಚು ಎಂದೇ ನನ್ನ ಭಾವನೆ.

ನಿಮ್ಮಲ್ಲಿ ಯಾವ ಬಗೆಯ ಸ್ಲೀಪ್ ಇದೆ ಎಂದು ತಿಳಿಯಲು ಮೇಲೆ ಹೇಳಿದ ಎಂಟಕ್ಷರದ ಆದೇಶ ಟೈಪ್ ಮಾಡಿ, ಜಾಗ ಬಿಟ್ಟು, ಓರೆಗೆರೆ ಹಾಕಿ ಎ ಅಕ್ಷರ ಒತ್ತಿ. ಲಭ್ಯವಿರುವ ಸ್ಥಿತಿಗಳ ಪಟ್ಟಿ ಬರುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈ ಇದ್ದರೆ, ಎ ಬದಲು ಸ್ಲೀಪ್ ಮತ್ತು ಸ್ಟಡಿ ಪದಗಳನ್ನು ಕೂಡಿಸಿ ಬರೆದರೆ ಹಿಂದಿನ ಕೆಲವು ದಿನಗಳ ಸ್ಲೀಪ್ ವರದಿ ಸಿಗುತ್ತದೆ. ಇದಕ್ಕೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು. ಯಾವ ರಾತ್ರಿ ಎಷ್ಟು ಚಾರ್ಜ್ ಹೋಯಿತು, ನಿದ್ದೆಗೆಡಿಸಿದ್ದು ಯಾವುದು ಎಂಬುದನ್ನು ಅದು ಹೇಳುತ್ತದೆ. ಬಹಳ ಸಲ ತಪ್ಪಿತಸ್ಥ ವೈಫೈ ಡ್ರೈವರ್ ಆಗಿರುತ್ತದೆ, ಇಲ್ಲವೇ ಸಿಕ್ಕಿಸಿಯೇ ಬಿಟ್ಟ ಯುಎಸ್‌ಬಿ ಸಾಧನ. ಡ್ರೈವರ್ ಮತ್ತು ಬಯೋಸ್ ಅಪ್‌ಡೇಟ್ ಮಾಡಿ, ಮೌಸ್‌ನ ರಿಸೀವರ್ ತೆಗೆದು, ಮತ್ತೊಂದು ರಾತ್ರಿ ನೋಡಿ.

ಮ್ಯಾಕ್‌ನಲ್ಲಿ ಬ್ಯಾಟರಿ ವಿಭಾಗದ ಆಪ್ಷನ್ಸ್ ಒಳಗೆ ನೆಟ್‌ವರ್ಕ್‌ಗಾಗಿ ಎಚ್ಚರಗೊಳ್ಳುವ ಆಯ್ಕೆ ಇದೆ. ಅದನ್ನು ಚಾರ್ಜರ್ ಇದ್ದಾಗ ಮಾತ್ರ ಎಂದು ಬದಲಿಸಿದರೆ ಸಾಕಾಗುತ್ತದೆ.

ಹೈಬರ್ನೇಟ್ ಅನ್ನು ಮರಳಿ ತನ್ನಿ

ಹೈಬರ್ನೇಟ್ ಎಂದರೆ ರ್‍ಯಾಮ್‌ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಆಫ್ ಆಗುವುದು. ಮತ್ತೆ ಆನ್ ಮಾಡಿದಾಗ ತೆರೆದಿಟ್ಟ ಕಡತಗಳು, ಬ್ರೌಸರ್‌ನ ಟ್ಯಾಬ್‌ಗಳು ಇದ್ದಂತೆಯೇ ಬರುತ್ತವೆ. ವಿದ್ಯುತ್ ಬಳಕೆ ಶಟ್‌ಡೌನ್‌ನಷ್ಟೇ ಕಡಿಮೆ. ಇಷ್ಟು ಉಪಯುಕ್ತವಾದ ಸೌಲಭ್ಯ ವಿಂಡೋಸ್‌ನ ಪವರ್ ಮೆನುವಿನಲ್ಲಿ ಬಹಳ ಕಡೆ ಕಾಣಿಸುವುದೇ ಇಲ್ಲ ಎಂಬುದು ಬೇಸರದ ಸಂಗತಿ.

ಅದನ್ನು ತರಲು ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್‌ಗಳು ಏನು ಮಾಡಬೇಕು ಎಂಬ ಕೊಂಡಿ ತೆರೆಯಿರಿ. ಮೇಲ್ಭಾಗದಲ್ಲಿ ಈಗ ಲಭ್ಯವಿಲ್ಲದ ಆಯ್ಕೆಗಳನ್ನು ಬದಲಿಸುವ ಸಾಲು ಇರುತ್ತದೆ, ಅದನ್ನು ಒತ್ತಿದರೆ ಕೆಳಗೆ ಮಸುಕಾಗಿದ್ದ ಹೈಬರ್ನೇಟ್ ಚೌಕ ಜೀವ ಪಡೆಯುತ್ತದೆ. ಟಿಕ್ ಮಾಡಿ ಉಳಿಸಿ. ಇದೇ ಪುಟದಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬುದನ್ನೂ ಆರಿಸಬಹುದು. ಬ್ಯಾಟರಿಯ ಮೇಲಿದ್ದಾಗ ಹೈಬರ್ನೇಟ್, ಚಾರ್ಜರ್ ಇದ್ದಾಗ ಸ್ಲೀಪ್ ಎಂದು ಇಡುವುದು ನನ್ನ ಶಿಫಾರಸು. ಹೀಗೆ ಮಾಡಿದರೆ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕುವ ಅಭ್ಯಾಸವನ್ನು ಬದಲಿಸಬೇಕಾಗಿಯೇ ಇಲ್ಲ. ಒಂದೇ ಷರತ್ತು, ದೀಪಗಳು ಆರಿ ಫ್ಯಾನ್ ನಿಲ್ಲುವವರೆಗೆ ಕೆಲವು ಕ್ಷಣ ಕಾಯಬೇಕು.

ಹೈಬರ್ನೇಟ್‌ನಿಂದ ಎಸ್‌ಎಸ್‌ಡಿ, ಅಂದರೆ ಈಗಿನ ಲ್ಯಾಪ್‌ಟಾಪ್‌ಗಳ ಡಿಸ್ಕ್, ಬೇಗ ಸವೆಯುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ದಿನಕ್ಕೊಮ್ಮೆ 8 ಜಿಬಿ ಬರೆದರೂ ವರ್ಷಕ್ಕೆ 3 ಟೆರಾಬೈಟ್‌ಗಿಂತ ಕಡಿಮೆ. ಸಾಮಾನ್ಯ ಎಸ್‌ಎಸ್‌ಡಿಗಳಿಗೆ ತಯಾರಕರು ಕೊಡುವ ಬರೆಯುವ ಮಿತಿ ನೂರು ಟೆರಾಬೈಟ್ ದಾಟಿರುತ್ತದೆ. ಲ್ಯಾಪ್‌ಟಾಪ್‌ನ ಆಯಸ್ಸಿನೊಳಗೆ ಇದು ಮುಗಿಯುವ ಮಾತಲ್ಲ.

ಹಾಗಾದರೆ ದಿನವೂ ಶಟ್‌ಡೌನ್ ಮಾಡಬೇಕೇ?

ಬ್ಯಾಟರಿಯ ದೃಷ್ಟಿಯಿಂದ ಬೇಕಿಲ್ಲ. ಸರಿಯಾಗಿ ಮಲಗುವ ಯಂತ್ರ ಪ್ರತಿ ರಾತ್ರಿ ಶೇ. 5 ಕಳೆದುಕೊಂಡರೂ ವರ್ಷಕ್ಕೆ ಸೇರುವುದು ಸುಮಾರು 18 ಆವರ್ತ. ಎದುರಿಗೆ ನೂರಾರು ಆವರ್ತಗಳ ಆಯಸ್ಸಿದೆ. ಒಂದೆರಡು ಗಂಟೆ ಬಿಟ್ಟು ಮತ್ತೆ ಕೂರುವಿರಾದರೆ ಸ್ಲೀಪ್, ರಾತ್ರಿಗೆ ಅಥವಾ ಚೀಲಕ್ಕೆ ಹೈಬರ್ನೇಟ್, ಎರಡು ಮೂರು ದಿನ ಮುಟ್ಟುವುದಿಲ್ಲವೆಂದರೆ ಶಟ್‌ಡೌನ್. ಇಷ್ಟು ವಿಂಗಡಣೆ ಸಾಕು.

ಆದರೆ ವಿಂಡೋಸ್‌ನ ಶಟ್‌ಡೌನ್ ಬಗ್ಗೆ ಒಂದು ವಿಷಯ ಗೊತ್ತಿರಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದೆ. ಇದು ಆನ್ ಇದ್ದಾಗ ನೀವು ಶಟ್‌ಡೌನ್ ಒತ್ತಿದರೆ ನಿಮ್ಮ ತಂತ್ರಾಂಶಗಳು ಮುಚ್ಚುತ್ತವೆ, ಆದರೆ ವ್ಯವಸ್ಥೆಯ ತಿರುಳು ಡಿಸ್ಕಿಗೆ ಬರೆಯಲ್ಪಟ್ಟು ಮುಂದಿನ ಸಲ ಅಲ್ಲಿಂದಲೇ ಏಳುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಒತ್ತಿ ಅಪ್ ಟೈಮ್ (ವ್ಯವಸ್ಥೆ ಹೊಸದಾಗಿ ಆರಂಭವಾಗಿ ಎಷ್ಟು ಹೊತ್ತಾಯಿತು ಎಂಬ ಅಂಕಿ) ನೋಡಿ. ನಿನ್ನೆ ರಾತ್ರಿ ಶಟ್‌ಡೌನ್ ಮಾಡಿದ ಯಂತ್ರದಲ್ಲಿ ಹಲವು ದಿನಗಳ ಅಂಕಿ ಕಂಡರೆ ಕಾರಣ ಇದೇ. ಬ್ಯಾಟರಿಗೆ ಇದರಿಂದ ನೇರ ಹಾನಿಯಿಲ್ಲ. ಆದರೆ ನಿದ್ದೆಗೆಡಿಸುತ್ತಿದ್ದ ಡ್ರೈವರ್‌ನ ತೊಂದರೆ ಶಟ್‌ಡೌನ್ ಮಾಡಿದರೂ ಹೋಗದೆ ಮುಂದುವರಿಯಬಹುದು. ಹಾಗಾಗಿ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿಯೇ ಆರಂಭವಾಗುತ್ತದೆ. ಪೂರ್ತಿ ಶಟ್‌ಡೌನ್ ಬೇಕಿದ್ದಾಗ ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ.

ಆಫ್ ಆಗಿದ್ದರೂ ಚಾರ್ಜ್ ಬೇಗ ಇಳಿಯುತ್ತಿದ್ದರೆ ಬಯೋಸ್‌ನಲ್ಲಿ ಯುಎಸ್‌ಬಿ ಪೋರ್ಟ್‌ಗಳಿಗೆ ಸದಾ ವಿದ್ಯುತ್ ಕೊಡುವ ಆಯ್ಕೆ ಆನ್ ಇದೆಯೇ ನೋಡಿ. ಆಫ್ ಆದ ಲ್ಯಾಪ್‌ಟಾಪ್‌ನಿಂದ ಮೊಬೈಲ್ ಚಾರ್ಜ್ ಮಾಡುವ ಅಗತ್ಯ ನಿಮಗಿಲ್ಲದಿದ್ದರೆ ಅದನ್ನು ನಿಲ್ಲಿಸಿ.

ಪೂರ್ತಿ ಖಾಲಿ ಮಾಡುವ ರೂಢಿ ಬಿಡಿ

ಹೊಸ ಲ್ಯಾಪ್‌ಟಾಪನ್ನು ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡಬೇಕು, ಆಗಾಗ ಸೊನ್ನೆಗೆ ಇಳಿಸಬೇಕು ಎಂಬ ಮಾತುಗಳು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಿಂದ ಉಳಿದು ಬಂದವು. ಲಿಥಿಯಂಗೆ ಅದರ ಅಗತ್ಯವಿಲ್ಲ. ಆಳವಾಗಿ ಇಳಿಸಿ ಮತ್ತೆ ತುದಿಗೆ ಏರಿಸುವ ಒಂದೊಂದು ಸುತ್ತೂ ಮಧ್ಯದ ಮಟ್ಟದಲ್ಲಿ ಮಾಡುವ ಬಳಕೆಗಿಂತ ಹೆಚ್ಚು ಸವೆಸುತ್ತದೆ. 20ರ ಹತ್ತಿರ ಬಂದಾಗ ಚಾರ್ಜರ್ ಸಿಕ್ಕಿಸಿದರೆ ಒಳ್ಳೆಯದು.

ಒಂದು ವಿನಾಯಿತಿ ಇದೆ. ಕೆಲವೊಮ್ಮೆ ಶೇ. 25 ತೋರಿಸುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಬ್ಯಾಟರಿಯ ಅಳತೆ ಸರ್ಕ್ಯೂಟ್, ಒಳಗೆ ಬಂದ ಮತ್ತು ಹೊರಗೆ ಹೋದ ವಿದ್ಯುತ್ತಿನ ಲೆಕ್ಕವಿಡುತ್ತದೆ. ಬಹಳ ಕಾಲ ಎರಡೂ ತುದಿ ಮುಟ್ಟದಿದ್ದರೆ ಆ ಲೆಕ್ಕ ತಪ್ಪುತ್ತ ಹೋಗುತ್ತದೆ. ಆಗ ಒಮ್ಮೆ 100ಕ್ಕೆ ತುಂಬಿಸಿ, ತಾನಾಗಿ ಹೈಬರ್ನೇಟ್ ಆಗುವವರೆಗೆ ಬಳಸಿ, ತಡಮಾಡದೆ ಮತ್ತೆ ತುಂಬಿಸಿದರೆ ಅಳತೆ ಸರಿಹೋಗುತ್ತದೆ. ಇದರಿಂದ ಬ್ಯಾಟರಿಯ ಸಾಮರ್ಥ್ಯ ಹೆಚ್ಚುವುದಿಲ್ಲ, ಅಂಕಿ ಮಾತ್ರ ನಿಜಕ್ಕೆ ಹತ್ತಿರವಾಗುತ್ತದೆ. ಹೀಗೆ ಮಾಡಿದ ಮೇಲೂ 25ಕ್ಕೇ ನಿಂತರೆ ಸೆಲ್‌ಗಳು ದುರ್ಬಲವಾಗಿವೆ ಎಂದು ತಿಳಿಯಿರಿ.

ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ

ಸುಮಾರು ಶೇ. 50 ಚಾರ್ಜ್ ಇರಿಸಿ, ಶಿಫ್ಟ್ ಹಿಡಿದು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಳಚಿ, ತಂಪಾದ ಒಣ ಜಾಗದಲ್ಲಿಡಿ. ತುಂಬಿಸಿ ಇಟ್ಟರೆ ಮೇಲೆ ಹೇಳಿದ ಸವೆತ. ಖಾಲಿ ಇಟ್ಟರೆ ಅದಕ್ಕಿಂತ ದೊಡ್ಡ ಅಪಾಯ: ಆಫ್ ಆಗಿದ್ದರೂ ಚಾರ್ಜ್ ಸ್ವಲ್ಪ ಸ್ವಲ್ಪ ಸೋರುತ್ತದೆ, ಸೆಲ್‌ನ ವೋಲ್ಟೇಜ್ ಸುಮಾರು 2.5ಕ್ಕಿಂತ ಕೆಳಗೆ ಜಾರಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಆ ಸ್ಥಿತಿ ತಲುಪಿದ ಬ್ಯಾಟರಿಯನ್ನು ರಕ್ಷಣಾ ಸರ್ಕ್ಯೂಟ್ ಚಾರ್ಜ್ ಆಗಲು ಬಿಡದೇ ಇರಬಹುದು. ಎರಡು ಮೂರು ತಿಂಗಳಿಗೊಮ್ಮೆ ಆನ್ ಮಾಡಿ, ಇಳಿದಿದ್ದರೆ ಮತ್ತೆ 50ಕ್ಕೆ ತನ್ನಿ.

ಬ್ಯಾಟರಿ ಬದಲಿಸುವ ಹೊತ್ತು

ಎಷ್ಟೇ ಜೋಪಾನ ಮಾಡಿದರೂ ಬ್ಯಾಟರಿ ಒಂದು ದಿನ ಮುಗಿಯುತ್ತದೆ. ಮೂಲ ಸಾಮರ್ಥ್ಯದ ಶೇ. 80 ಉಳಿದಿರುವವರೆಗೆ ಆರೋಗ್ಯವಾಗಿದೆ ಎಂದು ತಯಾರಕರು ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಕೆಳಗಿಳಿದ ಕೂಡಲೇ ಬದಲಿಸಬೇಕೆಂದೇನೂ ಇಲ್ಲ. 65 ಇದ್ದರೂ ನಿಮ್ಮ ಕೆಲಸಕ್ಕೆ ಸಾಲುತ್ತಿದ್ದರೆ ಬಳಸಿ.

ಉಬ್ಬಿದ ಬ್ಯಾಟರಿಯ ವಿಷಯದಲ್ಲಿ ಮಾತ್ರ ಒಂದು ದಿನವೂ ಕಾಯಬೇಡಿ. ಟಚ್‌ಪ್ಯಾಡ್ ಒತ್ತಲು ಬಿಗಿಯಾಗುವುದು ಅಥವಾ ಒಂದು ಬದಿಗೆ ಎದ್ದು ನಿಲ್ಲುವುದು, ಮುಚ್ಚಳ ಮುಚ್ಚಿದಾಗ ನಡುವೆ ಸಂದು ಕಾಣುವುದು, ಸಮತಟ್ಟು ಮೇಜಿನ ಮೇಲೆ ಇಟ್ಟಾಗ ಯಂತ್ರ ಅಲುಗಾಡುವುದು, ಇವು ಒಳಗೆ ಅನಿಲ ತುಂಬಿಕೊಳ್ಳುತ್ತಿರುವ ಗುರುತುಗಳು. ತಕ್ಷಣ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ, ಮತ್ತೆ ಚಾರ್ಜ್ ಮಾಡಬೇಡಿ. ಉಬ್ಬನ್ನು ಒತ್ತುವುದಾಗಲಿ, ಚುಚ್ಚುವುದಾಗಲಿ ಬೆಂಕಿಗೆ ಆಹ್ವಾನ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರವಿಟ್ಟು, ತಿಳಿದವರ ಕೈಯಿಂದ ತೆಗೆಸಿ. ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಹೊಸ ಬ್ಯಾಟರಿ ತಯಾರಕರದ್ದೇ ಆಗಿರಲಿ, ಇಲ್ಲವೇ ನಂಬಿಕಸ್ಥ ಕಡೆಯದ್ದಾಗಿರಲಿ. ಹಾಕಿಸಿದ ದಿನವೇ ಬ್ಯಾಟರಿ ವರದಿ ತೆಗೆದು, ಫುಲ್ ಚಾರ್ಜ್ ಕೆಪ್ಯಾಸಿಟಿ ಡಿಸೈನ್ ಕೆಪ್ಯಾಸಿಟಿಯ ಆಸುಪಾಸಿನಲ್ಲಿ ಇದೆಯೇ, ಆವರ್ತಗಳ ಸಂಖ್ಯೆ ಸೊನ್ನೆಯ ಹತ್ತಿರವಿದೆಯೇ ಎಂದು ಪರೀಕ್ಷಿಸಿ. ನೂರಾರು ಆವರ್ತ ಕಂಡರೆ ಅದು ಬಳಸಿದ ಬ್ಯಾಟರಿ, ಹಿಂದಿರುಗಿಸಿ. ಎಲ್ಲ ಸರಿಯಿದ್ದರೆ ಚಾರ್ಜ್ ಮಿತಿ ಆನ್ ಇದೆಯೇ ಎಂದು ಇನ್ನೊಮ್ಮೆ ನೋಡಿ, ಏಕೆಂದರೆ ಬಯೋಸ್ ಅಪ್‌ಡೇಟ್ ಅಥವಾ ತಂತ್ರಾಂಶದ ಮರುಸ್ಥಾಪನೆಯ ಬಳಿಕ ಕೆಲವು ಯಂತ್ರಗಳಲ್ಲಿ ಅದು ತಾನಾಗಿ ಆಫ್ ಆಗಿರುತ್ತದೆ.